ಜನ ವೋಟ್ ಹಾಕ್ತಾರಾ ಅಂತ ಕೇಳೋರಿಗೆ

ಪ್ರಶ್ನೆ ಇಷ್ಟೇ: "ಕೆರೆ, ಮರ, ಪರಿಸರ ಅಂತ ಹೇಳ್ಕೊಂಡು ಒಂದು ಸಣ್ಣ ಪಾರ್ಟಿ ಎಲೆಕ್ಷನ್‌ಗೆ ನಿಂತ್ರೆ ನಮ್ಮ ಜನ ವೋಟ್ ಹಾಕ್ತಾರಾ ಮೇಡಂ?" ಕುಕ್ಕರಹಳ್ಳಿ ಕೆರೆ ಏರಿ ಮೇಲೆ ವಾಕಿಂಗ್ ಹೋದ್ರೆ ಕೇಳ್ತಾರೆ, ಮದುವೆ ಮನೇಲಿ ಕೇಳ್ತಾರೆ, ಬ್ಯಾಂಕಲ್ಲಿ ಟೋಕನ್ ಹಿಡ್ಕೊಂಡು ಕೂತಿದ್ರೆ ಪಕ್ಕದ ಕುರ್ಚಿಯೋರು ಕೇಳ್ತಾರೆ. ಮೈಸೂರಲ್ಲಿ ಕಸದ ವಿಷಯ ಕೆರೆ ವಿಷಯ ಅಂತ ಹನ್ನೆರಡು ವರ್ಷದಿಂದ ಓಡಾಡ್ತಿದ್ದೀನಲ್ಲ, ಅದಕ್ಕೆ ಉತ್ತರ ನನ್ನ ಬ್ಯಾಗಲ್ಲೇ ಇರುತ್ತೆ ಅಂದ್ಕೊಂಡಿದ್ದಾರೆ. ಹೇಳಿ ಹೇಳಿ ಗಂಟಲು ಒಣಗಿದೆ. ಇನ್ಮೇಲೆ ಯಾರು ಕೇಳಿದ್ರೂ ಇದನ್ನೇ ಕಳಿಸ್ತೀನಿ, ಓದೋರು ಓದ್ಲಿ.

ಮೊದಲು ಆ "ನಮ್ಮ ಜನ" ಅನ್ನೋ ಮಾತು. ಇಷ್ಟು ವರ್ಷದಲ್ಲಿ ಒಬ್ಬರೂ ನನ್ನ ಹತ್ರ ಬಂದು "ನಾನು ಹಾಕ್ಬೇಕು ಅಂತಿದ್ದೀನಿ, ಹಾಕ್ಲಾ?" ಅಂತ ಕೇಳಿಲ್ಲ. ಜನ ಹಾಕ್ತಾರಾ, ಜನಕ್ಕೆ ಬೇಕಾ, ಜನಕ್ಕೆ ಅರ್ಥ ಆಗುತ್ತಾ. ಕೇಳೋರು ಮಾತ್ರ ಆ ಜನದೊಳಗೆ ಇಲ್ಲವೇ ಇಲ್ಲ, ಎಲ್ಲೋ ಮೇಲಿನ ಮಹಡೀಲಿ ನಿಂತ್ಕೊಂಡು ಕೆಳಗೆ ರಸ್ತೇಲಿ ಹೋಗೋರನ್ನ ನೋಡ್ತಿದ್ದಾರೆ ಅನ್ನೋ ಹಂಗೆ.

ನನಗೆ ಸಿಟ್ಟು ಬಂದಿದ್ದು ನಮ್ಮೂರಲ್ಲಿ ನಡೆದ ಒಂದು ಬೀಗರ ಊಟದಲ್ಲಿ. ಊರು ಪಾಂಡವಪುರ ತಾಲ್ಲೂಕು. ಶಾಮಿಯಾನದಡಿ ಪಂಕ್ತಿ ಕೂತಿತ್ತು, ಎಲೆಗೆ ಮುದ್ದೆ ಬಿದ್ದಿತ್ತು, ಸಾರು ಬರ್ತಾ ಇತ್ತು. ನನ್ನ ಎದುರಿಗೆ ಚಿಕ್ಕಪ್ಪನ ಅಳಿಯ, ಬೆಂಗಳೂರಲ್ಲಿ ಇಂಜಿನಿಯರು, ಒಳ್ಳೆಯವರೇ. "ಅಕ್ಕ, ನೀವು ಹೇಳೋದೆಲ್ಲ ಸರಿ, ಆದ್ರೆ ಪ್ರಾಕ್ಟಿಕಲ್ಲಾಗಿ ಯೋಚ್ನೆ ಮಾಡಿ, ನಮ್ಮ ಜನಕ್ಕೆ ಅವೇರ್‌ನೆಸ್ ಇಲ್ಲ, ಜಾತಿ ನೋಡ್ತಾರೆ, ದುಡ್ಡು ನೋಡ್ತಾರೆ, ಪರಿಸರ ಅಂದ್ರೆ ಯಾರಕ್ಕ ಹಾಕ್ತಾರೆ" ಅಂದ್ರು. ಅವರ ಎಡಕ್ಕೆ ಬಲಕ್ಕೆ ಕೂತು ಮುದ್ದೆ ಮುರೀತಿದ್ದೋರೆಲ್ಲ ಅದೇ ಜನ. ಅವರಿಗೆಲ್ಲ ಕೇಳಿಸ್ತಿತ್ತು. ನನಗೆ ತುತ್ತು ಇಳೀಲಿಲ್ಲ.

ನನ್ನ ಪಕ್ಕದಲ್ಲಿದ್ದ ದೊಡ್ಡಪ್ಪ ಕೇಳಿದ್ರು, "ಅದೇನವ್ವಾ ಪರಿಸರದ್ ಪಾಲ್ಟಿ ಅಂದ್ರೆ?" ನೀರು, ಮಣ್ಣು, ಕಲ್ಲುಗಣಿ, ಕಾಡು, ಇದನ್ನೇ ಮುಂದಿಟ್ಕೊಂಡು ವೋಟ್ ಕೇಳೋ ಪಾರ್ಟಿ ದೊಡ್ಡಪ್ಪ ಅಂದೆ. ಸ್ವಲ್ಪ ಹೊತ್ತು ಯೋಚ್ನೆ ಮಾಡಿ, "ಬೇಬಿ ಬೆಟ್ಟದ್ದಾ? ಅದ್ಕೆ ನಾವ್ ಆಗ್ಲೇ ಆಕಿವಲ್ಲ ಬುಡವ್ವಾ" ಅಂದ್ರು.

ಗೊತ್ತಿಲ್ಲದೋರಿಗೆ ಹೇಳ್ಬೇಕು. ಬೇಬಿ ಬೆಟ್ಟ ಪಾಂಡವಪುರದ ಹತ್ರ ಇರೋ ಕಲ್ಲಿನ ಬೆಟ್ಟ. ಅಲ್ಲಿ ಬಂಡೆ ಸಿಡಿಸಿ ಸಿಡಿಸಿ ಕೆಆರ್‌ಎಸ್ ಕಟ್ಟೆಗೇ ಏನಾದ್ರೂ ಆದ್ರೆ ಗತಿಯೇನು ಅಂತ ರೈತರು ವರ್ಷಗಟ್ಟಲೆ ಕೂಗಿದ್ರು, ಟ್ರಯಲ್ ಬ್ಲಾಸ್ಟ್ ಮಾಡಿ ನೋಡ್ತೀವಿ ಅಂತ ಬಂದೋರನ್ನೂ ಬೇಡ ಅಂತ ತಡೆದ್ರು. 2024ರ ಜನವರೀಲಿ ಹೈಕೋರ್ಟು ಅಣೆಕಟ್ಟೆಯಿಂದ 20 ಕಿಲೋಮೀಟರ್ ಒಳಗೆ, ಅಧ್ಯಯನ ಮುಗಿಯೋವರೆಗೆ, ಗಣಿಗಾರಿಕೆ ಮಾಡೋ ಹಂಗಿಲ್ಲ ಅಂತು. ಇದನ್ನ ನಮ್ಮೂರಲ್ಲಿ ಯಾರೂ ಪರಿಸರ ಅಂತ ಕರೆಯಲ್ಲ. ಕಟ್ಟೆ ಅಂತಾರೆ, ನಾಲೆ ಅಂತಾರೆ, ಗೋಡೆ ಬಿರುಕು ಬಿಡ್ತು ಅಂತಾರೆ.

ಇನ್ನು ದೊಡ್ಡಪ್ಪ "ಆಕಿವಲ್ಲ" ಅಂದಿದ್ದು ರೈತಸಂಘಕ್ಕೆ. ಸಂಘದ ಲೀಡರ್ ಕೆ.ಎಸ್. ಪುಟ್ಟಣ್ಣಯ್ಯ 1994ರಲ್ಲಿ ಪಾಂಡವಪುರದಿಂದ ಗೆದ್ರು, ಮಧ್ಯೆ ಸೋತ್ರು, 2013ರಲ್ಲಿ ಮೇಲುಕೋಟೆಯಿಂದ (ಪಾಂಡವಪುರ ಈಗ ಆ ಕ್ಷೇತ್ರದಲ್ಲೇ ಇರೋದು) ರೈತಸಂಘದ್ದೇ ಆದ ಸರ್ವೋದಯ ಕರ್ನಾಟಕ ಪಕ್ಷದಲ್ಲಿ ಮತ್ತೆ ಗೆದ್ರು. 2018ರ ಫೆಬ್ರವರೀಲಿ ತೀರ್ಕೊಂಡ್ರು. ಅದೇ ವರ್ಷ ಮಗ ದರ್ಶನ್ ನಿಂತು ಸೋತ್ರು, 2023ರಲ್ಲಿ ನಿಂತು ಗೆದ್ರು. 2023ರಲ್ಲಿ ಕಾಂಗ್ರೆಸ್ ಅಲ್ಲಿ ಕ್ಯಾಂಡಿಡೇಟ್ ಹಾಕದೆ ಬೆಂಬಲ ಕೊಟ್ಟಿತ್ತು, ಅದನ್ನ ಮುಚ್ಚಿಟ್ಟು ಮಾತಾಡಲ್ಲ. ರೈತಸಂಘದ್ದು ಹಸಿರು ಟವೆಲ್, ಆದ್ರೆ ನೀವು ಕೇಳ್ತಿರೋ ಥರದ ಹಸಿರು ಪಾರ್ಟಿ ಅದಲ್ಲ ಅನ್ನೋದೂ ನಿಜ, ಕಬ್ಬಿನ ರೇಟು ಪಂಪ್‌ಸೆಟ್ ಕರೆಂಟು ಅದರ ಮೊದಲ ಮಾತು, ಕಬ್ಬು ಎಷ್ಟು ನೀರು ಕುಡಿಯುತ್ತೆ ಅನ್ನೋ ಮಾತು ಎತ್ತಿದ್ರೆ ನಮ್ಮ ದೊಡ್ಡಪ್ಪನೂ ನನ್ನ ಜೊತೆ ಜಗಳಕ್ಕೆ ಬರ್ತಾರೆ. ಆದ್ರೂ ಸಣ್ಣ ಪಾರ್ಟಿಗೆ ನಮ್ಮ ಜನ ವೋಟೇ ಹಾಕಲ್ಲ ಅಂತ ಮಂಡ್ಯ ಜಿಲ್ಲೆಯ ಊಟದ ಪಂಕ್ತೀಲಿ ಕೂತು ಹೇಳೋರಿಗೆ ಇಷ್ಟಾದ್ರೂ ನೆನಪಿರಬೇಕಿತ್ತು. ಯಾವ ಪಾರ್ಟಿಯ ಟಿಕೆಟ್ಟೂ ಇಲ್ಲದೆ ಸುಮಲತಾ 2019ರಲ್ಲಿ ಲೋಕಸಭೆಗೆ ಗೆದ್ದಿದ್ದೂ ಇದೇ ಜಿಲ್ಲೇಲಿ, ಒಂದು ಲಕ್ಷಕ್ಕೂ ಜಾಸ್ತಿ ಅಂತರದಲ್ಲಿ. ಅದರ ಕಾರಣಗಳು ಬೇರೆ ಬಿಡಿ, ಚಿಹ್ನೆ ಹೊಸದಾದ್ರೂ ಹುಡುಕಿ ಒತ್ತೋದು ನಮ್ಮ ಜನಕ್ಕೆ ಗೊತ್ತು ಅನ್ನೋದಕ್ಕೆ ಹೇಳ್ದೆ.

ಆಮೇಲೆ ದೊಡ್ಡಪ್ಪ ತಲೆ ಎತ್ತಿ, "ನೀವಾಕ್ತೀರಾ ಅಳೀಮಯ್ಯ?" ಅಂತ ಕೇಳಿದ್ರು. "ಗೆಲ್ಲೋ ಹಂಗಿದ್ರೆ ಖಂಡಿತ ಹಾಕ್ತೀನಿ ಮಾವ" ಅಂದ್ರು ಅವರು. ದೊಡ್ಡಪ್ಪ ಏನೂ ಅನ್ಲಿಲ್ಲ, ಬಡಿಸೋ ಹುಡುಗನ್ನ ಕರೆದು ಅವರ ಎಲೆಗೆ ಇನ್ನೊಂದ್ ಸೌಟು ಸಾರು ಹಾಕ್ಸಿದ್ರು.

"ಗೆಲ್ಲೋ ಹಂಗಿದ್ರೆ." ಇದಕ್ಕೆ ಉತ್ತರ ಕೊಡ್ಲೇಬೇಕು, ಯಾಕಂದ್ರೆ ಇದರಲ್ಲಿ ಅರ್ಧ ಸತ್ಯ ಇದೆ. ಜರ್ಮನಿ ಗ್ರೀನ್ಸ್ ನೋಡಿ ಅಂತ ಎಲ್ಲರೂ ಉದಾಹರಣೆ ಕೊಡ್ತಾರೆ. ಆ ಪಾರ್ಟಿ 1980ರಲ್ಲಿ ಹುಟ್ತು, 1983ರಲ್ಲಿ 5.6 ಪರ್ಸೆಂಟ್ ವೋಟ್ ತಗೊಂಡು ಪಾರ್ಲಿಮೆಂಟ್ ಒಳಗೆ ಹೋಯ್ತು, 1998ರಲ್ಲಿ ಸರ್ಕಾರದಲ್ಲೇ ಪಾಲುದಾರ ಆಯ್ತು. ಅಲ್ಲಿ 5 ಪರ್ಸೆಂಟ್ ದಾಟಿದ್ರೆ ವೋಟಿಗೆ ತಕ್ಕ ಹಂಗೆ ಸೀಟು ಸಿಗುತ್ತೆ. ನಮ್ಮಲ್ಲಿ ಒಂದೊಂದು ಕ್ಷೇತ್ರದಲ್ಲೂ ಎಲ್ಲರಿಗಿಂತ ಜಾಸ್ತಿ ವೋಟ್ ತಗೊಂಡ ಒಬ್ಬರಿಗೇ ಸೀಟು. ಅದೇ 5.6 ಪರ್ಸೆಂಟನ್ನ ಕರ್ನಾಟಕದ 28 ಲೋಕಸಭಾ ಕ್ಷೇತ್ರಕ್ಕೂ ಸಮವಾಗಿ ಹರಡಿದ್ರೆ ಸೀಟು ಸೊನ್ನೆ, ಅಷ್ಟೇ ಅಲ್ಲ, ಚಲಾವಣೆಯಾದ ವೋಟಲ್ಲಿ ಆರನೇ ಒಂದು ಭಾಗ ಬರದಿದ್ರೆ ಡೆಪಾಸಿಟ್ ಹೋಗುತ್ತಲ್ಲ, ಒಬ್ಬೊಬ್ಬರದೂ 25,000 ರೂಪಾಯಿ (ಎಸ್‌ಸಿ, ಎಸ್‌ಟಿ ಕ್ಯಾಂಡಿಡೇಟ್ ಆದ್ರೆ ಅದರರ್ಧ) ಹೋಗುತ್ತೆ. ನಮ್ಮ ಥರದ್ದೇ ಲೆಕ್ಕ ಇರೋದು ಬ್ರಿಟನ್‌ನಲ್ಲಿ. ಅಲ್ಲಿ ಗ್ರೀನ್ ಪಾರ್ಟಿಗೆ ಮೊದಲ ಎಂಪಿ ಸಿಕ್ಕಿದ್ದು 2010ರಲ್ಲಿ, ಬ್ರೈಟನ್ ಅನ್ನೋ ಒಂದೇ ಊರಿಂದ, ಆ ಊರಿನ ಕೌನ್ಸಿಲ್‌ನಲ್ಲಿ ವರ್ಷಗಟ್ಟಲೆ ಕೂತು ಕೆಲಸ ಮಾಡಿದ್ಮೇಲೆ. ಮುಂದೆ 14 ವರ್ಷ ಆ ಒಬ್ಬರೇ. 2024ರಲ್ಲಿ ನಾಲ್ಕು ಆಯ್ತು.

ಇನ್ನೊಂದು ಮಾತು ತಪ್ಪದೆ ಬರುತ್ತೆ, "ಕಾರಂತರಿಗೇ ಹಾಕ್ಲಿಲ್ಲ, ಇನ್ನು ನಿಮಗೆ ಹಾಕ್ತಾರಾ". ಶಿವರಾಮ ಕಾರಂತರು 1989ರಲ್ಲಿ ಕೈಗಾ ಅಣುಸ್ಥಾವರ ಬೇಡ ಅಂತ ಉತ್ತರ ಕನ್ನಡದಿಂದ ಲೋಕಸಭೆಗೆ ನಿಂತ್ರು, ಆಗ ಅವರಿಗೆ 87 ವರ್ಷ. ಸೋತ್ರು. ಕೈಗಾನೂ ಬಂತು. ಈ ಕಥೆ ಹೇಳಿ ನನ್ನ ಬಾಯಿ ಮುಚ್ಚಿಸ್ಬೇಕು ಅಂತ ಬರೋರಿಗೆ ನಾನು ಕೇಳೋದು, 87ನೇ ವಯಸ್ಸಿನ ಒಬ್ಬ ಅಜ್ಜ ಒಂದೇ ಒಂದು ಎಲೆಕ್ಷನ್‌ಗೆ ಒಂಟಿಯಾಗಿ ನಿಂತು ಗೆಲ್ಲಲಿಲ್ಲ ಅಂದ್ರೆ ಅದು ಆ ಜನರ ತಪ್ಪಾ? ಅವರ ಆಮೇಲೆ ಅದೇ ಮಾತು ಹಿಡ್ಕೊಂಡು ಎರಡನೇ ಸಲ ಮೂರನೇ ಸಲ ಯಾರು ನಿಂತ್ರು?

ಸರಿ, ನನ್ನ ಅನುಭವ ಹೇಳ್ತೀನಿ. 2018ರ ಆಗಸ್ಟ್ 31ಕ್ಕೆ ಮೈಸೂರು ಕಾರ್ಪೊರೇಷನ್ ಎಲೆಕ್ಷನ್ ನಡೀತು. ನಾನಿರೋದು ವಿದ್ಯಾರಣ್ಯಪುರಂ ಕಡೆ, ಸೂಯೇಜ್ ಫಾರಂ ಕಸದ ಗುಡ್ಡೆ ವಾಸನೆ ಗಾಳಿ ತಿರುಗಿದ್ರೆ ಸೀದಾ ಅಡುಗೆಮನೆಗೆ. 2015ರಲ್ಲೂ 2016ರಲ್ಲೂ ದೇಶದಲ್ಲೇ ಸ್ವಚ್ಛ ನಗರ ಅಂತ ಮೈಸೂರಿಗೆ ಮೊದಲನೇ ರ‍್ಯಾಂಕ್ ಬಂತು, ಆ ಸುದ್ದೀನ ನಾವು ಕಿಟಕಿ ಹಾಕ್ಕೊಂಡು ಟಿವೀಲಿ ನೋಡಿದ್ವಿ. ನಮ್ಮ ಏರಿಯಾದ ಒಬ್ಬ ರಿಟೈರ್ಡ್ ಮೇಷ್ಟ್ರು ಇಂಡಿಪೆಂಡೆಂಟ್ ಆಗಿ ನಿಂತ್ರು, ಕಸ, ರಾಜಕಾಲುವೆ, ಮರ, ಇಷ್ಟೇ ಅವರ ಪಾಂಪ್ಲೆಟ್‌ನಲ್ಲಿ ಇದ್ದಿದ್ದು. ನಾನು ಮನೆ ಮನೆ ತಿರುಗಿದೆ, ವೋಟಿಂಗ್ ದಿನ ಟೇಬಲ್ ಹಾಕ್ಕೊಂಡು ಸ್ಲಿಪ್ ಬರ್ಕೊಟ್ಟೆ. ಎಲ್ಲರೂ ಕೈ ಹಿಡ್ಕೊಂಡು ನೀವು ಮಾಡ್ತಿರೋದು ಒಳ್ಳೆ ಕೆಲಸ ಅಂದ್ರು. ಎಣಿಕೆ ದಿನ ನೋಡಿದ್ರೆ ಮೇಷ್ಟ್ರ ಜೊತೆ ವರ್ಷಪೂರ್ತಿ ವಾಕಿಂಗ್ ಮಾಡ್ತಿದ್ದೋರೇ ಹಾಕಿಲ್ಲ.

ಅಳು ಬಂದಿತ್ತು. ಎದುರು ಮನೆ ಸರೋಜಕ್ಕ ಮಾತ್ರ ನೇರವಾಗಿ ಹೇಳಿದ್ರು, ಅವರಿಗೆ ನಾನು ಇವತ್ತಿಗೂ ಋಣಿ. "ನೋಡಮ್ಮ, ಮೇಷ್ಟ್ರು ದೇವರಂಥೋರು. ಆದ್ರೆ ನಮ್ಮನೆ ಮುಂದೆ ಯುಜಿಡಿ, ಅದೇ ಒಳಚರಂಡಿ, ಕಟ್ಕೊಂಡ್ರೆ ಆ ಇನ್ನೊಬ್ಬ ಕ್ಯಾಂಡಿಡೇಟು ಫೋನ್ ಮಾಡಿದ ಒಂದು ಗಂಟೇಲಿ ಜೆಟ್ಟಿಂಗ್ ಮಷಿನ್ ಕಳಿಸ್ತಾನೆ. ಮೇಷ್ಟ್ರು ಲೆಟರ್ ಬರೀತಾರೆ." ಅವತ್ತಿಂದ ನಾನು ಅವೇರ್‌ನೆಸ್ ಇಲ್ಲ ಅನ್ನೋ ಮಾತು ಬಾಯಿಗೆ ತಂದಿಲ್ಲ. ಬಾಗಿಲ ಮುಂದೆ ಉಕ್ಕೋ ಯುಜಿಡಿ ನೀರು ಪರಿಸರ ಅಲ್ವಾ? ಸರೋಜಕ್ಕ ವೋಟ್ ಹಾಕಿದ್ದು ಅದಕ್ಕೇ. ನಾವು ದೊಡ್ಡ ದೊಡ್ಡ ಮಾತಾಡ್ತಾ ಅವರ ಮನೆ ಮುಂದಿನ ಮ್ಯಾನ್‌ಹೋಲ್ ದಾಟ್ಕೊಂಡು ಹೋಗ್ಬಿಟ್ಟಿದ್ವಿ.

ಅದೇ ಎಲೆಕ್ಷನ್ನಲ್ಲಿ 65 ವಾರ್ಡಲ್ಲಿ ಐದು ಜನ ಪಕ್ಷೇತರರು ಗೆದ್ರು, ಬಿಎಸ್‌ಪಿಯಿಂದ ಒಬ್ಬರು ಗೆದ್ರು. ದೊಡ್ಡ ಪಾರ್ಟಿ ಇಲ್ದೆ ಗೆಲ್ಲೋಕೇ ಆಗಲ್ಲ ಅನ್ನೋ ಮಾತು ವಾರ್ಡಲ್ಲಿ ನಡೆಯಲ್ಲ. ಹೋದೋರ ಮನೆಯ ಹನ್ನೊಂದನೇ ದಿನಕ್ಕೂ ಬರೋನು, ಯುಜಿಡಿಗೂ ಬರೋನು, ಅಂಥೋನು ಯಾವ ಚಿಹ್ನೆ ತಗೊಂಡ್ರೂ ಗೆಲ್ತಾನೆ.

ಹಂಗಾಗಿ ನನ್ನ ಉತ್ತರ: ಹಾಕ್ತಾರೆ. ಎಲೆಕ್ಷನ್‌ಗೆ ಎರಡು ತಿಂಗಳಿದೆ ಅನ್ನೋವಾಗ ಎಲೆ ಚಿತ್ರ ಇರೋ ಬ್ಯಾನರ್ ಕಟ್ಟಿದ್ರೆ ಹಾಕಲ್ಲ, ಹಾಕ್ಲೂಬಾರ್ದು. ಇಪ್ಪತ್ತು ವರ್ಷ ನಾಲೆ ಮೇಲೆ ಕೂತಿದ್ರೆ ಹಾಕ್ತಾರೆ, ನಮ್ಮ ತಾಲ್ಲೂಕಲ್ಲಿ ಹಾಕಿದ್ದಾರೆ.

ನನ್ನನ್ನ ಬೇರೆ ಒಂದು ಪ್ರಶ್ನೆ ಯಾರಾದ್ರೂ ಕೇಳಲಿ ಅಂತ ಕಾಯ್ತಿದ್ದೀನಿ. ಮೈಸೂರು ಕಾರ್ಪೊರೇಷನ್ ಅವಧಿ 2023ರ ನವೆಂಬರ್‌ಗೆ ಮುಗಿದ್ಮೇಲೆ ಎಲೆಕ್ಷನ್ ಯಾಕೆ ಆಗ್ಲಿಲ್ಲ ಅಂತ ಯಾಕೆ ಕೇಳಲ್ಲ? 2025ರ ಏಪ್ರಿಲ್‌ನಲ್ಲಿ ಹೈದರ್ ಅಲಿ ರಸ್ತೇಲಿ ರಾತ್ರೋರಾತ್ರಿ 40 ಮರ ಕಡಿದ್ರಲ್ಲ, ರಸ್ತೆ ಅಗಲ ಮಾಡೋಕೆ ಅಂತ, ಆಗ ಇಡೀ ಊರಲ್ಲಿ ಜನ ಆರಿಸಿ ಕಳಿಸಿದ ಒಬ್ಬ ಕಾರ್ಪೊರೇಟರ್ ಇರ್ಲಿಲ್ಲ. ನಿನ್ನ ವಾರ್ಡಿನ ರಸ್ತೇಲಿ ಮರ ಕಡೀತಿದ್ದಾರೆ ಬಾರಪ್ಪ ಅಂತ ನಡುರಾತ್ರಿ ಯಾರ ಬಾಗಿಲು ತಟ್ಟೋದು? ಸಂಜೆ ಬಂದು ನಿಂತ್ವಿ, ಬುಡಗಳ ಪಕ್ಕ ನಿಂತು ಅತ್ವಿ. ನೆರಳಿಲ್ಲದ ಆ ರಸ್ತೇಲಿ ನಿಂತಿದ್ದಾಗ್ಲೂ ಒಬ್ಬರು ಬಂದು ಕೇಳಿದ್ರು, "ಮೇಡಂ, ಒಂದು ಗ್ರೀನ್ ಪಾರ್ಟಿ ಮಾಡಿದ್ರೆ ನಮ್ಮ ಜನ..." ನಾನು ಉತ್ತರ ಕೊಡದೆ ಆಟೋ ಹತ್ತಿದೆ. ಈಗ ಬೇಜಾರಾಗುತ್ತೆ, ಅವರಿಗೂ ನನ್ನಷ್ಟೇ ನೋವಾಗಿತ್ತು.

ಅವರು ಇದನ್ನ ಓದಿದ್ರೆ ಕೇಳ್ಕೊಳ್ಳೋದು ಇಷ್ಟು. ಚಾಮಲಾಪುರದಲ್ಲಿ, ನಮ್ಮ ಮೈಸೂರು ಜಿಲ್ಲೆಯ ಎಚ್.ಡಿ. ಕೋಟೆ ತಾಲ್ಲೂಕಲ್ಲಿ, ಕಲ್ಲಿದ್ದಲಿನ ಕರೆಂಟ್ ಪ್ಲಾಂಟ್ ತರ್ತೀವಿ ಅಂತ ಸರ್ಕಾರ ಹೊರಟಾಗ ಊರೋರು ಬೇಡ ಅಂತ ಹಿಡ್ಕೊಂಡು ಕೂತ್ರು, ಪ್ಲಾಂಟ್ ಬರ್ಲಿಲ್ಲ. ಅವರಿಗೆ ಪಾರ್ಟೀನೂ ಇರ್ಲಿಲ್ಲ, ಚಿಹ್ನೇನೂ ಇರ್ಲಿಲ್ಲ, ಜನ ಬರ್ತಾರಾ ಅಂತ ಕೇಳ್ತಾ ಮನೇಲಿ ಕೂತಿದ್ರೆ ಇವತ್ತು ಅಲ್ಲಿ ಚಿಮಣಿ ಇರ್ತಿತ್ತು.

ಕಾರ್ಪೊರೇಷನ್ ಎಲೆಕ್ಷನ್ ಯಾವತ್ತು ಬರುತ್ತೋ ಅವತ್ತು ನಾನು ಮತ್ತೆ ಟೇಬಲ್ ಹಾಕ್ತೀನಿ. ಮೇಷ್ಟ್ರಿಗೆ ಈಗ ಮಂಡಿ ನೋವು, ಬೇರೆ ಒಬ್ಬ ಹುಡುಗಿ ರೆಡಿ ಆಗ್ತಿದ್ದಾಳೆ, ಎರಡು ವರ್ಷದಿಂದ ಏರಿಯಾದ ಯುಜಿಡಿ ಕಂಪ್ಲೇಂಟ್ ಎಲ್ಲಾ ಅವಳ ಫೋನಿಗೇ ಬರ್ತಿರೋದು, ಸರೋಜಕ್ಕನೂ ಅವಳಿಗೇ ಮಾಡ್ತಾರೆ. ಬೂತಲ್ಲಿ ಬೆಳಗ್ಗೆಯಿಂದ ಸಂಜೆವರೆಗೆ ಕೂರೋಕೆ ಜನ ಬೇಕು. ನಮ್ಮ ಹತ್ರ ಸದ್ಯಕ್ಕೆ ನಾಲ್ಕು ಜನ ಇದ್ದೀವಿ, ಒಬ್ಬರಿಗೆ ಶುಗರ್, ಮಧ್ಯಾಹ್ನ ಊಟಕ್ಕೆ ಬಿಡ್ಬೇಕು. ಇನ್ಮೇಲೆ ಈ ಪ್ರಶ್ನೆ ಕೇಳೋರು ವೋಟರ್ ಐಡಿ ತಗೊಂಡು ಬನ್ನಿ, ಯಾವ ವಾರ್ಡು ಯಾವ ಬೂತು ಅಂತ ಹೇಳಿ. ಸಂಜೆ ಆರರ ಮೇಲೆ ನಾನು ಮನೇಲೇ ಇರ್ತೀನಿ.