ಮಾನಿಟರ್ ಇಲ್ಲದೆ ರಾಸ್ಪ್‌ಬೆರಿ ಪೈಗೆ ವೈಫೈ

ಅಟ್ಟದ ಮೇಲೋ ತೋಟದ ಪಂಪ್‌ಶೆಡ್ಡಿನಲ್ಲೋ ಕೂರುವ ರಾಸ್ಪ್‌ಬೆರಿ ಪೈ ಎಂಬ ಪುಟ್ಟ ಕಂಪ್ಯೂಟರಿಗೆ ಮಾನಿಟರ್ ಬೇಕಾಗಿಲ್ಲ. ಲ್ಯಾಪ್‌ಟಾಪಿನಲ್ಲಿ ಅದರ ಮೆಮೊರಿ ಕಾರ್ಡಿಗೆ ಓಎಸ್ ಬರೆಯುವಾಗಲೇ ವೈಫೈ ವಿವರ ತುಂಬಿಬಿಟ್ಟರೆ ಮುಗಿಯಿತು.

ಕಾರ್ಡ್ ಬರೆಯುವ ರಾಸ್ಪ್‌ಬೆರಿ ಪೈ ಇಮೇಜರ್ ಆ್ಯಪ್ ತೆರೆದು ಬೋರ್ಡ್, ಓಎಸ್ ಲೈಟ್ (ಡೆಸ್ಕ್‌ಟಾಪ್ ಇಲ್ಲದ ಆವೃತ್ತಿ), ಕಾರ್ಡ್ ಆರಿಸಿ. ಬರೆಯುವ ಮೊದಲು ಬರುವ ಸೆಟ್ಟಿಂಗ್ಸ್‌ನಲ್ಲಿ ಹೋಸ್ಟ್‌ನೇಮ್ (ನೆಟ್‌ವರ್ಕಿನಲ್ಲಿ ಪೈಯ ಹೆಸರು), ಯೂಸರ್, ಪಾಸ್‌ವರ್ಡ್, ವೈಫೈ ಹೆಸರು, ವೈಫೈ ಪಾಸ್‌ವರ್ಡ್ ಕೊಟ್ಟು ಎಸ್‌ಎಸ್‌ಎಚ್ (ದೂರದಿಂದಲೇ ಪೈಯೊಳಗೆ ಲಾಗಿನ್ ಆಗುವ ದಾರಿ) ಆನ್ ಮಾಡಿ. ವೈಫೈ ದೇಶದ ಜಾಗದಲ್ಲಿ 'ಐಎನ್', ಅಂದರೆ ಭಾರತ, ಇರಲೇಬೇಕು. ದೇಶ ಗೊತ್ತಾಗದಿದ್ದರೆ ಯಾವ ಚಾನೆಲ್ ಬಳಸಬಹುದೆಂದು ತಿಳಿಯದೆ ಪೈ ತನ್ನ ರೇಡಿಯೋವನ್ನೇ ಬಂದ್ ಇಟ್ಟುಕೊಳ್ಳುತ್ತದೆ.

ಕಾರ್ಡಿನ ಬೂಟ್ ಫೋಲ್ಡರಿಗೆ ವೈಫೈ ವಿವರ ಬರೆದ 'ಡಬ್ಲ್ಯೂಪಿಎ ಸಪ್ಲಿಕಂಟ್' ಫೈಲ್ ಹಾಕಿ ಎನ್ನುವ ಹಳೆಯ ಸಲಹೆ ಇನ್ನೂ ಸುತ್ತುತ್ತಿದೆ. 2023ರ ಅಕ್ಟೋಬರಿನಲ್ಲಿ ಬಂದ ಬುಕ್‌ವರ್ಮ್ ಎಂಬ ಓಎಸ್ ಆವೃತ್ತಿಯಿಂದ ಈಚೆಗೆ ವೈಫೈಯೆಲ್ಲ ನೆಟ್‌ವರ್ಕ್‌ಮ್ಯಾನೇಜರ್ ಎಂಬ ಪ್ರೋಗ್ರಾಮಿನದೇ ಕಾರುಬಾರು, ಆ ಫೈಲನ್ನು ಯಾರೂ ಓದುವುದಿಲ್ಲ. 'ಪೈ', 'ರಾಸ್ಪ್‌ಬೆರಿ' ಎಂಬ ಹಳೆಯ ಲಾಗಿನ್ ಕೂಡ 2022ರ ಏಪ್ರಿಲ್‌ನಲ್ಲೇ ಹೋಯಿತು.

ಝೀರೋ 2 ಡಬ್ಲ್ಯೂ ಎಂಬ ಪೈ ಮಾದರಿಗೆ 2.4 ಗಿಗಾಹರ್ಟ್ಸ್ ವೈಫೈ ಮಾತ್ರ ಕಾಣುತ್ತದೆ. ರೂಟರ್ ಎರಡು ಹೆಸರು ತೋರಿಸುತ್ತಿದ್ದರೆ '5ಜಿ' ಅಂತಿರುವುದನ್ನು ಕೊಡಬೇಡಿ. ರೂಟರಿನ ವೈಫೈ ಭದ್ರತೆಯನ್ನು ಡಬ್ಲ್ಯೂಪಿಎ3 ಮಾತ್ರ ಇಟ್ಟಿದ್ದರೆ ಡಬ್ಲ್ಯೂಪಿಎ2ಕ್ಕೆ ಇಳಿಸಿ. ನಮ್ಮ ಕಡೆಯ ಚಿರೆಕಲ್ಲಿನ ಗೋಡೆ ಎರಡು ದಾಟುವ ಹೊತ್ತಿಗೆ ಸಿಗ್ನಲ್ ಸೊರಗಿರುತ್ತದೆ. ಸಿಗ್ನಲ್ ಬಲ ಮೈನಸ್ 70 ಡಿಬಿಎಂಗಿಂತ ಕೆಳಗಿದ್ದರೆ (ಮೈನಸ್ 80 ಅಂದರೆ ಇನ್ನೂ ದುರ್ಬಲ) ಸೆಟ್ಟಿಂಗ್ ತಿದ್ದಿ ಉಪಯೋಗವಿಲ್ಲ, ಪೈಯನ್ನು ಕಿಟಕಿಯ ಹತ್ತಿರ ತನ್ನಿ.

ಮೊದಲ ಸಲ ಹಚ್ಚಿದಾಗ ಪೈ ತನ್ನ ಓಎಸ್ ಅನ್ನು ಕಾರ್ಡಿನ ಪೂರ್ತಿ ಜಾಗಕ್ಕೆ ಹಿಗ್ಗಿಸಿಕೊಂಡು ತಾನೇ ರೀಬೂಟ್ ಆಗುತ್ತದೆ. ಐದು ನಿಮಿಷ ಸುಮ್ಮನಿರಿ, ನಡುವೆ ವೈರ್ ಎಳೆದರೆ ಕಾರ್ಡ್ ಕೆಡಬಹುದು. ಆಮೇಲೆ ಲ್ಯಾಪ್‌ಟಾಪಿನಿಂದ ಹೋಸ್ಟ್‌ನೇಮಿನ ಕೊನೆಗೆ 'ಡಾಟ್ ಲೋಕಲ್' ಸೇರಿಸಿ ಎಸ್‌ಎಸ್‌ಎಚ್ ಮಾಡಿ. ಸಿಗದಿದ್ದರೆ ರೂಟರಿನ ಡಿಎಚ್‌ಸಿಪಿ ಪಟ್ಟಿಯಲ್ಲಿ (ಯಾವ ಸಾಧನಕ್ಕೆ ಯಾವ ವಿಳಾಸ ಕೊಟ್ಟಿದೆ ಎಂಬ ಪಟ್ಟಿ) ಪೈಯ ಐಪಿ ಹುಡುಕಿ. ಗೆಸ್ಟ್ ವೈಫೈಗೆ ಹಾಕಿದ್ದರೆ ಪಟ್ಟಿಯಲ್ಲಿ ಇದ್ದರೂ ಲ್ಯಾಪ್‌ಟಾಪಿಗೆ ಸಿಗದೇ ಇರಬಹುದು, ಅಲ್ಲಿ ಒಂದು ಸಾಧನಕ್ಕೆ ಇನ್ನೊಂದು ಕಾಣದಂತೆ ರೂಟರೇ ತಡೆಯುತ್ತದೆ.

ಒಳಗೆ ಹೋದಮೇಲೆ ಎರಡು ಕೆಲಸ ಬಿಡಬೇಡಿ. ನೆಟ್‌ವರ್ಕ್‌ಮ್ಯಾನೇಜರಿನ ಕಮಾಂಡ್ ಆದ ಎನ್‌ಎಂಸಿಎಲ್‌ಐನಲ್ಲಿ ನಿಮ್ಮ ವೈಫೈ ಕನೆಕ್ಷನ್ನಿನ 'ಪವರ್‌ಸೇವ್' 2 ಮಾಡಿ, ಅಂದರೆ ಬಂದ್. ಇಲ್ಲವಾದರೆ ಸುಮ್ಮನಿದ್ದಾಗ ರೇಡಿಯೋ ತೂಕಡಿಸಿ ಎಸ್‌ಎಸ್‌ಎಚ್ ತಡವರಿಸುತ್ತದೆ. ತಾನಾಗಿ ಎಷ್ಟು ಸಲ ಪ್ರಯತ್ನಿಸಬೇಕು ಎನ್ನುವ 'ಆಟೋಕನೆಕ್ಟ್ ರಿಟ್ರೈಸ್' 0 ಮಾಡಿ. ಸೊನ್ನೆ ಅಂದರೆ ಇಲ್ಲಿ ಸೋಲದೆ ಪ್ರಯತ್ನಿಸು ಅಂತ, ಹೆಸರು ನೋಡಿ ಮೋಸಹೋಗಬೇಡಿ. ಮಳೆಗಾಲದಲ್ಲಿ ಕರೆಂಟು ದಿನಕ್ಕೆ ಹತ್ತು ಸಲ ಹೋಗಿ ಬರುವ ಕಡೆ, ರೂಟರ್ ಪೂರ್ತಿ ಏಳುವ ಮೊದಲೇ ಪೈ ಬಾಗಿಲು ತಟ್ಟುತ್ತಿರುತ್ತದೆ. ನಾಲ್ಕು ಸಲ ಸೋತರೆ ಕೆಲವು ನಿಮಿಷ ಮುನಿಸಿಕೊಂಡು ಕೂರುವುದು ಅದರ ಮೂಲ ಸ್ವಭಾವ.

ರೂಟರ್ ಬದಲಾಗಿ ಪೈ ಕೈತಪ್ಪಿದರೂ ಕಾರ್ಡ್ ತೆಗೆಯಬೇಕಿಲ್ಲ. ಫೋನಿನ ಹಾಟ್‌ಸ್ಪಾಟಿಗೆ ಹಳೆಯ ರೂಟರಿನ ಹೆಸರು, ಪಾಸ್‌ವರ್ಡ್‌ಗಳನ್ನೇ ಅಕ್ಷರ ತಪ್ಪದೆ ಕೊಟ್ಟು ಬ್ಯಾಂಡ್ 2.4ಕ್ಕೆ ಇಡಿ. ಪೈ ತಾನಾಗಿ ಬಂದು ಸೇರುತ್ತದೆ. ಲ್ಯಾಪ್‌ಟಾಪನ್ನೂ ಅದಕ್ಕೇ ಸೇರಿಸಿ, ಎಸ್‌ಎಸ್‌ಎಚ್ ಮಾಡಿ, ನೆಟ್‌ವರ್ಕ್‌ಮ್ಯಾನೇಜರಿನ ಮೆನು ಆದ ಎನ್‌ಎಂಟಿಯುಐನಲ್ಲಿ ಹೊಸ ರೂಟರಿನ ಹೆಸರು, ಪಾಸ್‌ವರ್ಡ್ ತುಂಬಿ ಹಾಟ್‌ಸ್ಪಾಟ್ ಬಂದ್ ಮಾಡಿ.