ಒಂದೇ ಕೆಲಸಕ್ಕೆ ನಾಲ್ಕು ಕೈ

ನಮ್ಮ ಯಜಮಾನರು ಪ್ರೌಢಶಾಲೆಯಲ್ಲಿ ಗಣಿತ ಕಲಿಸುತ್ತಿದ್ದವರು, ನಾನು ಅಂಚೆ ಇಲಾಖೆಯಲ್ಲಿ ಕೆಲಸ ಮಾಡಿದವಳು. ನೌಕರಿಯಲ್ಲಿ ಇದ್ದಷ್ಟು ಕಾಲವೂ ನಮ್ಮ ಸಂಸಾರ ನಡೆದದ್ದು ಕೆಲಸ ಹಂಚಿಕೊಂಡು. ಅಡುಗೆ, ಮಕ್ಕಳ ಊಟ-ಬಟ್ಟೆ, ಹಬ್ಬ ಹರಿದಿನ, ನೆಂಟರಿಷ್ಟರು ನನ್ನ ಪಾಲಿಗಾದರೆ, ಬ್ಯಾಂಕು, ಕಂದಾಯ, ನಲ್ಲಿ, ಫ್ಯೂಸು, ಗಾರೆ ಕೆಲಸದವರ ಹಿಂದೆ ಓಡಾಡುವುದು ಅವರ ಪಾಲಿಗೆ. ಮನೆಯಲ್ಲಿ ಮಕ್ಕಳಿದ್ದು, ಬೆಳಿಗ್ಗೆ ಒಂಬತ್ತಕ್ಕೆಲ್ಲ ಬಾಗಿಲು ಹಾಕಿಕೊಂಡು ಹೊರಡಬೇಕಾಗಿದ್ದ ದಿನಗಳಲ್ಲಿ ಆ ಹಂಚಿಕೆ ಬೇಕೇ ಬೇಕಾಗಿತ್ತು. ಆದರೆ ಮಕ್ಕಳು ಅವರವರ ಊರು ಸೇರಿ, ಇಬ್ಬರಿಗೂ ನಿವೃತ್ತಿಯಾಗಿ, ಮೈಸೂರಿನ ಈ ಹಳೆಯ ಮನೆಯಲ್ಲಿ ನಾವಿಬ್ಬರೇ ಉಳಿದ ಮೇಲೆ ಅದೇ ಹಂಚಿಕೆ ನಮ್ಮನ್ನು ದೂರ ದೂರ ಕೂರಿಸತೊಡಗಿತು. ಅವರು ಹೊರಗೆ ತಮ್ಮ ಕೆಲಸದಲ್ಲಿ, ನಾನು ಒಳಗೆ ನನ್ನ ಕೆಲಸದಲ್ಲಿ. ಊಟದ ಹೊತ್ತಿಗೆ ಮಾತ್ರ ಮುಖಾಮುಖಿ. ಹಾಗಾಗಿ ಇನ್ನು ಮುಂದೆ ಮನೆಯ ಯಾವ ಕೆಲಸವೇ ಇರಲಿ, ಸಾಧ್ಯವಾದಷ್ಟನ್ನು ಇಬ್ಬರೂ ಕೂಡಿಯೇ ಮಾಡಬೇಕೆಂದು ತೀರ್ಮಾನಿಸಿಕೊಂಡೆವು. ಹಂಚಿಕೊಂಡರೆ ಕೆಲಸ ಬೇಗ ಮುಗಿಯುತ್ತದೆ, ನಿಜ. ಈಗ ನಮಗೆ ಬೇಗ ಮುಗಿಸಿ ಆಗಬೇಕಾದದ್ದೇನೂ ಇಲ್ಲ.

ಇದರ ಹಿಂದೆ ಇನ್ನೊಂದು ಕಾರಣವೂ ಇದೆ, ಅದನ್ನು ಹೇಳಲು ನನಗೆ ಸಂಕೋಚವಿಲ್ಲ. ಇಬ್ಬರಲ್ಲಿ ಒಬ್ಬರು ಒಂದು ದಿನ ಹಾಸಿಗೆ ಹಿಡಿಯಬಹುದು, ಒಬ್ಬರು ಮೊದಲು ಹೋಗಲೂಬಹುದು. ಪಿಂಚಣಿಯ ಕಾಗದಗಳು ಯಾವ ಬೀರುವಿನಲ್ಲಿವೆ, ಸಂಪಿನ ವಾಲ್ವ್ ಎಡಕ್ಕೆ ತಿರುಗಿಸಬೇಕೋ ಬಲಕ್ಕೋ ಎಂದು ತಿಳಿಯದೆ ಒದ್ದಾಡಿದ ಹೆಂಗಸರನ್ನೂ, ಹೆಂಡತಿ ತೀರಿಕೊಂಡ ಮೇಲೆ ಒಂದು ಸಾರು ಮಾಡಿಕೊಳ್ಳಲು ಬಾರದೆ ಹೋಟೆಲಿನ ಊಟ ತಂದುಕೊಂಡು ಕೃಶರಾದ ಗಂಡಸರನ್ನೂ ನಾನು ಹತ್ತಿರದಿಂದ ಕಂಡಿದ್ದೇನೆ. ಆದ್ದರಿಂದ ನವೆಂಬರ್ ತಿಂಗಳು ಬಂದರೆ ಜೀವಿತ ಪ್ರಮಾಣ ಪತ್ರ ಕೊಡಲು ಇಬ್ಬರೂ ಒಟ್ಟಿಗೆ ಕುಳಿತು ಕಾಗದಗಳನ್ನೆಲ್ಲ ಹರಡಿಕೊಂಡು ಮತ್ತೊಮ್ಮೆ ನೋಡುತ್ತೇವೆ. ಹುಳಿಗೆ ಎಷ್ಟು ಬೇಳೆಗೆ ಎಷ್ಟು ಹುಣಸೆಹಣ್ಣು ಎಂಬುದನ್ನು ಅವರು ಈಗ ಕಣ್ಣಳತೆಯಲ್ಲಿಯೇ ಹೇಳುತ್ತಾರೆ.

ನಾವು ಕೂಡಿ ಮಾಡಿದ ಕೆಲಸಗಳಲ್ಲಿ ನನಗೆ ಎಲ್ಲಕ್ಕಿಂತ ಹೆಚ್ಚು ತೃಪ್ತಿ ಕೊಟ್ಟದ್ದು ಮಳೆನೀರಿನ ಕೊಯ್ಲು. ಲೆಕ್ಕ ಅವರದು, ಮತ್ತು ಅದು ಬಲು ಸರಳವಾದ ಲೆಕ್ಕ. ಒಂದು ಚದರ ಮೀಟರ್ ಜಾಗದ ಮೇಲೆ 1 ಮಿ.ಮೀ. ಮಳೆ ಬಿದ್ದರೆ 1 ಲೀಟರ್ ನೀರು. ನಮ್ಮ ತಾರಸಿ ಸುಮಾರು 1000 ಚದರ ಅಡಿ, ಎಂದರೆ 93 ಚದರ ಮೀಟರ್. ಮೈಸೂರಿನಲ್ಲಿ ವರ್ಷಕ್ಕೆ ಸುಮಾರು 800 ಮಿ.ಮೀ. ಮಳೆಯೆಂದು ಇಟ್ಟುಕೊಂಡರೂ ತಾರಸಿಯ ಮೇಲೆ 74,000 ಲೀಟರ್ ಬೀಳುತ್ತದೆ. ಅದರಲ್ಲಿ ಐದನೆಯ ಒಂದು ಪಾಲು ಆವಿಯಾಗಿ, ಚೆಲ್ಲಿ ಹೋಯಿತೆಂದರೂ 60,000 ಲೀಟರಿನಷ್ಟು ನೀರು ನಮ್ಮದೇ ಮನೆಯ ಕೊಳವೆಯಿಂದ ಇಳಿದು ರಸ್ತೆಯ ಚರಂಡಿ ಸೇರುತ್ತಿತ್ತು. ಬೇಸಿಗೆಯಲ್ಲಿ ಟ್ಯಾಂಕರಿಗೆ ಫೋನು ಮಾಡುವ ಮನೆಯವರು ಈ ಲೆಕ್ಕವನ್ನು ಒಂದು ಸಲ ಕಾಗದದ ಮೇಲೆ ಬರೆದು ನೋಡಬೇಕು.

ಗೋಡೆಯ ಮೇಲೆ ಏಣಿ ಹಾಕಿ ನಾಲ್ಕು ಇಂಚಿನ ಪೈಪು ಕೂರಿಸುವ ಕೆಲಸವನ್ನು ಪ್ಲಂಬರಿಗೇ ಬಿಟ್ಟೆವು. ನಮ್ಮ ವಯಸ್ಸಿನಲ್ಲಿ ಏಣಿ ಹತ್ತಬಾರದು. ಆದರೆ ಸೋಸುವ ಡ್ರಮ್ಮನ್ನು ಸಿದ್ಧಪಡಿಸಿದ್ದು ನಾವಿಬ್ಬರೇ. 200 ಲೀಟರಿನ ಪ್ಲಾಸ್ಟಿಕ್ ಡ್ರಮ್ಮಿನ ತಳದಲ್ಲಿ ನೀರು ಹೊರಹೋಗುವ ದಾರಿ, ಅದರ ಮೇಲೆ ದಪ್ಪ ಜಲ್ಲಿ, ಅದರ ಮೇಲೆ ಸಣ್ಣ ಜಲ್ಲಿ, ನಂತರ ಇದ್ದಿಲು, ನಡುವೆ ನೈಲಾನ್ ಬಲೆ, ಎಲ್ಲಕ್ಕಿಂತ ಮೇಲೆ ಮರಳು. ಕೇಳುವುದಕ್ಕೆ ಸುಲಭವಾದರೂ ಜಲ್ಲಿಯನ್ನೂ ಮರಳನ್ನೂ ತೊಳೆಯುವುದೇ ದೊಡ್ಡ ಕೆಲಸ. ಬಾಂಡಲಿಯಲ್ಲಿ ಮರಳು ಹಾಕಿ, ನೀರು ಬಿಟ್ಟು, ಕೈಯಿಂದ ಕಲಕಿ, ಕೆಸರು ನೀರನ್ನು ಬಸಿದು, ಮತ್ತೆ ನೀರು ಬಿಡುವುದು; ಬಸಿದ ನೀರು ತಿಳಿಯಾಗುವ ತನಕ ಬಿಡುವಂತಿಲ್ಲ. ನಾನು ಕಲಕುತ್ತಿದ್ದೆ, ಅವರು ಬಸಿಯುತ್ತಿದ್ದರು. ಬಸಿದ ನೀರನ್ನೆಲ್ಲ ತೆಂಗಿನ ಮರದ ಪಾತಿಗೆ ಬಿಟ್ಟೆವು. ಡ್ರಮ್ಮಿಗೆ ಸೇರುವ ಮೊದಲು ಪೈಪಿಗೆ ಒಂದು ವಾಲ್ವ್ ಇದೆ. ಬೇಸಿಗೆಯ ಧೂಳು, ಹಕ್ಕಿಯ ಹಿಕ್ಕೆ, ಒಣಗಿದ ಎಲೆ ಎಲ್ಲವನ್ನೂ ಹೊತ್ತು ತರುವ ಮೊದಲ ಮಳೆಯ ನೀರನ್ನು ಅದರ ಮೂಲಕ ಹೊರಗೆ ಬಿಟ್ಟು, ತಾರಸಿ ತೊಳೆದಂತಾದ ಮೇಲೆ ಮಾತ್ರ ಸಂಪಿಗೆ ತಿರುಗಿಸುತ್ತೇವೆ. ಸಂಪು ತುಂಬಿದ ಮೇಲಿನ ನೀರು ಪಕ್ಕದ ಇಂಗುಗುಂಡಿಗೆ ಹೋಗುತ್ತದೆ.

‘ಭರಣಿ ಮಳೆ ಬಂದರೆ ಧರಣಿಯೆಲ್ಲ ಬೆಳೆ’ ಎಂಬ ಮಾತನ್ನು ಚಿಕ್ಕಂದಿನಿಂದ ಕೇಳಿದ್ದೆ. ಈಗ ಆ ಮಳೆಗೆ ನಾನು ಕಾಯುವ ರೀತಿಯೇ ಬೇರೆ. ಮೋಡ ಕವಿದರೆ ಸಾಕು, ಇಬ್ಬರೂ ತಾರಸಿಗೆ ಹೋಗಿ ಪೊರಕೆ ಹಿಡಿಯುತ್ತೇವೆ. ಕೊಳವೆಬಾವಿಯ ಗಡಸು ನೀರಿನಲ್ಲಿ ಪಾತ್ರೆಗಳ ಮೇಲೆ ಕಟ್ಟುತ್ತಿದ್ದ ಬಿಳಿಯ ಕರೆ ಈ ನೀರಿನಲ್ಲಿ ಕಟ್ಟುವುದಿಲ್ಲ, ಬಟ್ಟೆಗೆ ಅರ್ಧ ಸೋಪು ಸಾಕು.

ಮನೆಯ ನೆಲದ ವಿಷಯದಲ್ಲಿ ಮಕ್ಕಳಿಗೂ ನಮಗೂ ಒಮ್ಮತವಿಲ್ಲ. ನಮ್ಮದು ಹಳೆಯ ಮೈಸೂರು ಮನೆಗಳಲ್ಲಿದ್ದ ರೆಡ್ ಆಕ್ಸೈಡ್ ನೆಲ. ಅಲ್ಲಲ್ಲಿ ಸೀಳು ಬಿಟ್ಟಿತ್ತು. ಎಲ್ಲವನ್ನೂ ಒಡೆಸಿ ಟೈಲ್ಸ್ ಹಾಕಿಸಿಬಿಡಿ ಎನ್ನುವುದು ಮಗನ ಮಾತು. ಬೇಸಿಗೆಯಲ್ಲಿ ಬರಿಗಾಲಿಗೆ ತಂಪು ಕೊಡುವ, ಎರಡು ತಲೆಮಾರಿನ ಓಡಾಟದಿಂದ ಹೊಳಪು ಬಂದ ನೆಲವನ್ನು ಸೀಳು ಬಿಟ್ಟಿತೆಂಬ ಕಾರಣಕ್ಕೆ ಒಡೆಯುವುದು ನನ್ನ ಮನಸ್ಸಿಗೆ ಒಪ್ಪಲಿಲ್ಲ. ಗಾರೆ ಕೆಲಸದ ಒಬ್ಬ ಹಿರಿಯರು ಬಂದು ತೋರಿಸಿಕೊಟ್ಟರು: ಸಿಮೆಂಟನ್ನೂ ಆಕ್ಸೈಡ್ ಪುಡಿಯನ್ನೂ ಮೊದಲು ಒಣಗಿದ್ದಾಗಲೇ ಜರಡಿ ಹಿಡಿದು ಬೆರೆಸಬೇಕು, ನೀರು ಹಾಕಿದ ಮೇಲೆ ಬೆರೆಸಿದರೆ ಬಣ್ಣ ಪಟ್ಟೆ ಪಟ್ಟೆಯಾಗುತ್ತದೆ. ಸೀಳನ್ನು ಸ್ವಲ್ಪ ಅಗಲ ಮಾಡಿ, ಧೂಳು ತೆಗೆದು, ಒದ್ದೆ ಮಾಡಿ, ಕಲಸಿದ್ದನ್ನು ತುಂಬಿ ಕರಣೆಯಿಂದ ಒತ್ತಿ ನಯ ಮಾಡಬೇಕು. ಆಮೇಲೆ ಒಂದು ವಾರ ಒದ್ದೆ ಗೋಣಿಚೀಲ ಹೊದಿಸಿ ಒಣಗದಂತೆ ನೋಡಿಕೊಳ್ಳಬೇಕು. ಹಜಾರವನ್ನು ಅವರು ಮಾಡಿಕೊಟ್ಟರು, ಕೋಣೆಗಳನ್ನು ನಾವು ಮಾಡಿಕೊಂಡೆವು. ನೆಲಕ್ಕೆ ಕೂತು ಏಳುವುದು ಇಬ್ಬರಿಗೂ ಕಷ್ಟವಾದ್ದರಿಂದ ಗಿಡ್ಡ ಮಣೆಯ ಮೇಲೆ ಕುಳಿತು, ದಿನಕ್ಕೆ ಒಂದೊಂದು ಗೆರೆಯಂತೆ ಮುಗಿಸಿದೆವು. ಹೊಸದಾಗಿ ತುಂಬಿದ ಗೆರೆಗಳ ಕೆಂಪು ಹಳೆಯದರ ಕೆಂಪಿನೊಡನೆ ಸಂಪೂರ್ಣ ಕೂಡಿಕೊಂಡಿಲ್ಲ, ದಿಟ್ಟಿಸಿದರೆ ಕಾಣುತ್ತದೆ. ನನಗೆ ಅದು ಚೆನ್ನಾಗಿಯೇ ಕಾಣುತ್ತದೆ. ಕೊಬ್ಬರಿ ಎಣ್ಣೆಯನ್ನು ಬಟ್ಟೆಗೆ ಸವರಿಕೊಂಡು ಉಜ್ಜಿ, ಕೂಡಲೇ ಒಣಬಟ್ಟೆಯಿಂದ ಒತ್ತಿ ಒರೆಸಿಬಿಡುತ್ತೇವೆ. ಎಣ್ಣೆಯ ಅಂಶ ಉಳಿದರೆ ಜಾರುತ್ತದೆ. ಇದೇ ಭಯಕ್ಕೆ ಬಚ್ಚಲಿನ ಗೋಡೆಗೆ ಸ್ಟೀಲಿನ ಹಿಡಿಕೆಗಳನ್ನು ಹಾಕಿಸಿದೆವು, ಬಚ್ಚಲಿಗೆ ಹೋಗುವ ದಾರಿಯಲ್ಲಿ ರಾತ್ರಿಯೆಲ್ಲ ಉರಿಯುವ ಸಣ್ಣ ದೀಪವಿಟ್ಟೆವು. ಇವೆರಡನ್ನೂ ಬಿದ್ದ ಮೇಲೆ ಮಾಡಿಸುವವರೇ ಹೆಚ್ಚು. ಬೀಳುವ ಮೊದಲೇ ಮಾಡಿಸಿಕೊಳ್ಳಿ ಎಂದು ಕಂಡವರಿಗೆಲ್ಲ ಹೇಳುತ್ತಿರುತ್ತೇನೆ.

ಬೇಸಿಗೆಯ ಕೆಲಸವೆಂದರೆ ಸಂಡಿಗೆ. ಅರಳು ಸಂಡಿಗೆಗೆ ಬೂದುಗುಂಬಳಕಾಯಿ ತುರಿದು ಹಿಂಡಿ, ಹಸಿಮೆಣಸಿನಕಾಯಿ, ಉಪ್ಪು, ಇಂಗು ಅರೆದು ಸೇರಿಸಿ, ನೆನೆಸಿ ಹಿಂಡಿದ ಭತ್ತದ ಅರಳನ್ನು ಅದಕ್ಕೆ ಕಲೆಸಬೇಕು. ಅದಕ್ಕೂ ಮೊದಲು ಅರಳಿನಲ್ಲಿ ಉಳಿದ ಹೊಟ್ಟನ್ನು ಆರಿಸುವ ಕೆಲಸವಿದೆ. ಒಂದು ಮೊರ ಅರಳನ್ನು ನಡುವೆ ಇಟ್ಟುಕೊಂಡು, ಕನ್ನಡಕ ಏರಿಸಿಕೊಂಡು ಎದುರು ಬದುರು ಕುಳಿತರೆ ಬೆಳಗಿನ ಹೊತ್ತು ಪೂರ್ತಿ ಅದಕ್ಕೇ ಹೋಗುತ್ತದೆ. ಹೊಟ್ಟಿನ ಒಂದು ಚೂರು ಉಳಿದರೂ ಕರಿದ ಸಂಡಿಗೆಯಲ್ಲಿ ಗಂಟಲಿಗೆ ಚುಚ್ಚುತ್ತದೆ ಎಂದು ನಮ್ಮತ್ತೆ ಹೇಳುತ್ತಿದ್ದರು. ನಾನು ಆರಿಸಿ ಬಿಟ್ಟದ್ದರಲ್ಲಿಯೂ ಯಜಮಾನರು ಹುಡುಕಿ ತೆಗೆಯುತ್ತಾರೆ. ವರ್ಷಗಟ್ಟಲೆ ಉತ್ತರ ಪತ್ರಿಕೆ ತಿದ್ದಿದ ಕಣ್ಣು ಅದು. “ನೋಡೇ, ಇಲ್ಲೊಂದು ಉಳಿದಿದೆ” ಎಂದು ಉಗುರಿನ ತುದಿಯಲ್ಲಿ ಎತ್ತಿ ತೋರಿಸುತ್ತಾರೆ. ಸಂಡಿಗೆ ಇಟ್ಟ ಮೇಲೆ ಕಾಗೆ ಕಾಯುವ ಕೆಲಸಕ್ಕೂ ಇಬ್ಬರೂ ಕೊಡೆ ಹಿಡಿದು ತಾರಸಿಯಲ್ಲಿ ಕೂರುತ್ತೇವೆ. ನಾಲ್ಕು ಬಿಸಿಲು ಕಂಡರೆ ಡಬ್ಬಕ್ಕೆ ತುಂಬಬಹುದು.

ಮನೆಯ ಒಂದು ದೊಡ್ಡ ಕೆಲಸ ಮುಗಿದರೆ ಒಂದು ತಿರುಗಾಟ ಎಂದು ನಮ್ಮಲ್ಲಿ ರೂಢಿ. ದೂರದ ಯಾತ್ರೆಗಳನ್ನು ನಾವು ಬಿಟ್ಟಿದ್ದೇವೆ. ಬೆಳಿಗ್ಗೆ ಹೊರಟು ಸಂಜೆಗೆ ನಮ್ಮ ಹಾಸಿಗೆಗೇ ಬಂದು ಸೇರುವಷ್ಟು ದೂರ ಸಾಕು, ಮೈಸೂರಿನ ಸುತ್ತ ಅಂಥ ಜಾಗಗಳಿಗೆ ಕೊರತೆಯಿಲ್ಲ. ಹೋಗುವುದು ಕೆಂಪು ಬಸ್ಸಿನಲ್ಲಿ. 2023ರ ಜೂನ್ 11ರಂದು ಶಕ್ತಿ ಯೋಜನೆ ಬಂದಾಗಿನಿಂದ ನನ್ನ ಪ್ರಯಾಣ ಉಚಿತ. ಅವರಿಗೆ ಹಿರಿಯ ನಾಗರಿಕರ ಶೇ. 25ರ ರಿಯಾಯಿತಿ ಸಿಗುತ್ತದೆ. ಇಬ್ಬರ ಆಧಾರ್ ಕಾರ್ಡೂ ನನ್ನ ಕೈಚೀಲದಲ್ಲೇ ಇರುತ್ತದೆ. ಈ ಯೋಜನೆಯ ಬಗ್ಗೆ ಯಾರು ಏನೇ ಹೇಳಲಿ, ಗಂಡನನ್ನೋ ಮಕ್ಕಳನ್ನೋ ದುಡ್ಡು ಕೇಳದೆ ದೇವಸ್ಥಾನಕ್ಕೂ ಆಸ್ಪತ್ರೆಗೂ ತವರಿಗೂ ಹೋಗಿಬರುವ ನನ್ನ ವಯಸ್ಸಿನ ಹೆಂಗಸರನ್ನು ಆ ಬಸ್ಸುಗಳಲ್ಲಿ ಕಂಡವಳು ನಾನು. ಅದು ದೊಡ್ಡ ಉಪಕಾರವೆಂದೇ ನನ್ನ ಅಭಿಪ್ರಾಯ.

ನೆಲದ ಕೆಲಸ ಮುಗಿದ ಮೇಲೆ ನಾವು ಹೋದದ್ದು ಸೋಮನಾಥಪುರಕ್ಕೆ. ಬನ್ನೂರಿನಲ್ಲಿ ಬಸ್ಸು ಬದಲಿಸಿ, ಗದ್ದೆ, ಕಬ್ಬಿನ ತೋಟಗಳ ನಡುವೆ ಸಾಗುವ ದಾರಿ. ಹೊಯ್ಸಳ ದೊರೆ ಮೂರನೆಯ ನರಸಿಂಹನ ದಂಡನಾಯಕ ಸೋಮನಾಥನು 13ನೆಯ ಶತಮಾನದಲ್ಲಿ ಕಟ್ಟಿಸಿದ ಈ ಕೇಶವ ದೇವಾಲಯ, ಬೇಲೂರು ಹಳೇಬೀಡುಗಳ ಜೊತೆಗೆ 2023ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ಮೂರು ಗರ್ಭಗುಡಿಗಳ ತ್ರಿಕೂಟ. ಜನಾರ್ದನ, ವೇಣುಗೋಪಾಲರ ಮೂರ್ತಿಗಳಿವೆ, ನಡುವಿನ ಕೇಶವನ ಮೂಲ ಮೂರ್ತಿ ಇಲ್ಲ. ಪೂಜೆಯಿಲ್ಲದ ಗುಡಿಯಾದ್ದರಿಂದ ಯಾರೂ ಮುಂದೆ ನಡೆಯಿರಿ ಎನ್ನುವುದಿಲ್ಲ, ಎಷ್ಟು ಹೊತ್ತು ಬೇಕಾದರೂ ನಿಲ್ಲಬಹುದು. ಗುಡಿಯ ಸುತ್ತಲಿನ ಎತ್ತರದ ಕಟ್ಟೆಯಾದ ಜಗತಿಯ ಮೇಲೆ ಪ್ರದಕ್ಷಿಣೆ ಬರುತ್ತ, ಆನೆಯ ಸಾಲು, ಕುದುರೆಯ ಸಾಲು, ಬಳ್ಳಿಯ ಸಾಲು, ಅದರ ಮೇಲೆ ರಾಮಾಯಣ, ಭಾರತ, ಭಾಗವತದ ಕಥೆಗಳ ಸಾಲನ್ನು ಓದುತ್ತ ಹೋಗಬಹುದು. ನಕ್ಷತ್ರದಾಕಾರದ ಗೋಡೆಯ ಮೂಲೆಗಳ ಕೋನವನ್ನು ಯಜಮಾನರು ನನಗೆ ಬೆರಳಿನಲ್ಲಿ ಅಳೆದು ತೋರಿಸಿದರು. ಮೂರ್ತಿಗಳ ಪೀಠದಲ್ಲಿ ಹಳಗನ್ನಡ ಲಿಪಿಯಲ್ಲಿ ಶಿಲ್ಪಿಗಳು ಹೆಸರು ಕೆತ್ತಿಕೊಂಡಿದ್ದಾರೆ, ಮಲ್ಲಿತಮ್ಮ ಅವರಲ್ಲಿ ಪ್ರಸಿದ್ಧನಾದವನು.

ಒಳಗಿನ ಭುವನೇಶ್ವರಿಗಳನ್ನು, ಎಂದರೆ ಕೆತ್ತನೆಯ ಚಾವಣಿಗಳನ್ನು, ನೋಡುವುದು ಮಾತ್ರ ನಮ್ಮ ಕತ್ತಿಗೆ ಕಷ್ಟ. ಬಾಳೆಯ ಹೂವು ಮೊಗ್ಗಿನಿಂದ ಅರಳುವ ಹಂತಗಳನ್ನು ಅಲ್ಲಿ ಕಲ್ಲಿನಲ್ಲಿ ಬಿಡಿಸಿದ್ದಾರೆ, ತಲೆಯೆತ್ತಿ ನಿಂತರೆ ತಲೆ ಸುತ್ತುತ್ತದೆ. ಅದಕ್ಕೆ ನಾನು ಮನೆಯಿಂದ ಒಂದು ಕೈಗನ್ನಡಿ ತೆಗೆದುಕೊಂಡು ಹೋಗಿದ್ದೆ. ಎದೆಯ ಮಟ್ಟದಲ್ಲಿ ಕನ್ನಡಿಯನ್ನು ಮೇಲ್ಮುಖವಾಗಿ ಹಿಡಿದರೆ ಚಾವಣಿ ಅಂಗೈಯೊಳಗೆ ಬಂದು ಕೂರುತ್ತದೆ. ನಾನು ಕನ್ನಡಿ ಹಿಡಿದು ನಿಂತರೆ ಅವರು ಬಗ್ಗಿ ನೋಡಿ ಹೇಳುವರು, ಅವರು ಹಿಡಿದರೆ ನಾನು. ವಯಸ್ಸಾದವರು ಅಲ್ಲಿಗೆ ಹೋಗುವುದಾದರೆ ಬೆಳಿಗ್ಗೆ ಬೇಗ ಹೋಗಬೇಕು, ಕಾಲುಚೀಲ ಇಟ್ಟುಕೊಂಡಿರಬೇಕು. ಬಿಸಿಲೇರಿದ ಮೇಲೆ ಅಂಗಳದ ಕಲ್ಲಿನ ಮೇಲೆ ಬರಿಗಾಲಿನಲ್ಲಿ ನಡೆಯಲಾಗುವುದಿಲ್ಲ.

ರಂಗನತಿಟ್ಟಿಗೆ ಚಳಿ ಕಳೆಯುವ ಹೊತ್ತಿನಲ್ಲಿ ಹೋಗುತ್ತೇವೆ. ಪಕ್ಷಿತಜ್ಞ ಸಲೀಂ ಅಲಿಯವರ ಒತ್ತಾಸೆಯಿಂದ 1940ರಲ್ಲಿ ಪಕ್ಷಿಧಾಮವಾದ ಈ ಕಾವೇರಿಯ ನಡುಗಡ್ಡೆಗಳು 2022ರಲ್ಲಿ ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶಗಳ ರಾಮ್ಸರ್ ಪಟ್ಟಿ ಸೇರಿದವು. ಕರ್ನಾಟಕದಲ್ಲಿ ಆ ಮನ್ನಣೆ ಮೊದಲು ಬಂದದ್ದು ಇದಕ್ಕೇ. ದೋಣಿಯಲ್ಲಿ ಕುಳಿತು ಬಣ್ಣದ ಕೊಕ್ಕರೆಗಳ ಗೂಡುಗಳ ಹತ್ತಿರಕ್ಕೆ ಹೋದಾಗ ನಮ್ಮ ಬಳಿ ಇರುವುದು ಒಂದೇ ದುರ್ಬೀನು. ಇನ್ನೊಂದನ್ನು ತಂದುಕೊಡುತ್ತೇನೆಂದು ಮಗಳು ಹೇಳಿದಾಗ ಬೇಡವೆಂದೆವು. ಒಬ್ಬರು ನೋಡುತ್ತಿರುವಾಗ ಇನ್ನೊಬ್ಬರಿಗೆ ಹೇಳಲೇಬೇಕಾಗುತ್ತದೆ: ಮರಿ ಬಾಯಿ ತೆರೆಯಿತು, ತಾಯಿ ರೆಕ್ಕೆ ಹರಡಿ ನೆರಳು ಕೊಡುತ್ತಿದೆ, ಬಂಡೆಯ ಮೇಲೆ ಮೊಸಳೆ ಮಲಗಿದೆ, ಕದಲುತ್ತಿಲ್ಲ. ಹಾಗೆ ಕೇಳಿ ತಿಳಿದದ್ದು ಕಣ್ಣಾರೆ ಕಂಡದ್ದಕ್ಕಿಂತ ನನಗೆ ಹೆಚ್ಚು ನೆನಪಿನಲ್ಲಿ ಉಳಿದಿದೆ.

ಈ ಸಲ ಹಸ್ತ ಮಳೆಗೆ ಮೊದಲು ಡ್ರಮ್ಮಿನ ಮರಳನ್ನು ತೆಗೆದು ತೊಳೆದು ಮತ್ತೆ ತುಂಬಬೇಕು, ಇದ್ದಿಲನ್ನು ಬದಲಿಸಬೇಕು. ಮಹಡಿಯ ಮೆಟ್ಟಿಲಿಗೆ ಒಂದೇ ಕಡೆ ಕಟಾಂಜನವಿದೆ, ಗೋಡೆಯ ಕಡೆಗೂ ಒಂದು ಹಿಡಿಕೆ ಹಾಕಿಸಬೇಕೆಂದು ಅಳತೆ ತೆಗೆದುಕೊಂಡಿದ್ದೇವೆ. ಅದು ಮುಗಿದರೆ ಮೇಲುಕೋಟೆ. ವೈರಮುಡಿ ಉತ್ಸವದ ಜನಜಂಗುಳಿ ನಮಗೆ ಆಗದು, ಸಾಮಾನ್ಯ ದಿನದಲ್ಲಿ ಹೋಗಿ ಚೆಲುವನಾರಾಯಣನನ್ನು ನೋಡಿ, ಪುಳಿಯೋಗರೆ ತಿಂದು, ಕಲ್ಯಾಣಿಯ ಮೆಟ್ಟಿಲ ಮೇಲೆ ಕುಳಿತು ಬರುವುದು. ಬೆಟ್ಟದ ನರಸಿಂಹಸ್ವಾಮಿಗೆ ಕೆಳಗಿನಿಂದಲೇ ಕೈ ಮುಗಿಯೋಣ ಎಂದು ನಾನು ಹೇಳಿದ್ದೇನೆ. ನಿಧಾನವಾಗಿ ಹತ್ತಬಹುದು ಎಂದು ಅವರು ಹೇಳುತ್ತಿದ್ದಾರೆ. ಇನ್ನೂ ತೀರ್ಮಾನವಾಗಿಲ್ಲ.