ಭ್ರೂಣದ ಚಿತ್ರ ಹೇಳುವುದೆಷ್ಟು?

ಅಂಡವನ್ನು ದೇಹದ ಹೊರಗೆ ಫಲೀಕರಿಸುವ ಐವಿಎಫ್ ಪ್ರಯೋಗಾಲಯದಲ್ಲಿ ಭ್ರೂಣದ ಆರೋಗ್ಯವನ್ನು ಅಂದಾಜು ಮಾಡುವ ಮೊದಲ ಸಾಧನ ಇಂದಿಗೂ ಸೂಕ್ಷ್ಮದರ್ಶಕವೇ. ಫಲೀಕರಣಕ್ಕೆ ಇಟ್ಟ 16ರಿಂದ 18 ಗಂಟೆಗಳ ಹೊತ್ತಿಗೆ ತಾಯಿಯ ಕಡೆಯದೊಂದು, ತಂದೆಯ ಕಡೆಯದೊಂದು, ಹೀಗೆ ಎರಡು ಪ್ರೋನ್ಯೂಕ್ಲಿಯಸ್‌ಗಳು, ಅಂದರೆ ಅಂಡ ಮತ್ತು ವೀರ್ಯಾಣುಗಳಿಂದ ಬಂದ ಕೋಶಕೇಂದ್ರಗಳು, ಕಾಣಬೇಕು. ಎರಡನೆಯ ದಿನ ನಾಲ್ಕು ಕೋಶಗಳು, ಮೂರನೆಯ ದಿನ ಎಂಟು, ಐದನೆಯ ದಿನದ ಹೊತ್ತಿಗೆ ಒಳಗೆ ದ್ರವ ತುಂಬಿದ, ಬ್ಲಾಸ್ಟೊಸಿಸ್ಟ್ ಎಂಬ ಹಂತದ ಭ್ರೂಣ. ಕೋಶಗಳ ಗಾತ್ರ ಸಮವಾಗಿದೆಯೇ, ಅವುಗಳಿಂದ ಚೂರುಗಳು ಒಡೆದು ಬಿದ್ದಿವೆಯೇ, ಒಂದೇ ಕೋಶದಲ್ಲಿ ಹಲವು ಕೋಶಕೇಂದ್ರಗಳಿವೆಯೇ ಎಂಬುದನ್ನೂ ಪರಿಣತರು ನೋಡುತ್ತಾರೆ. ಬ್ಲಾಸ್ಟೊಸಿಸ್ಟ್‌ನ ಹಿಗ್ಗುವಿಕೆಗೆ 1ರಿಂದ 6ರವರೆಗಿನ ಅಂಕೆ, ಮುಂದೆ ಮಗುವಾಗುವ ಒಳಕೋಶಗಳ ಗುಂಪಿಗೂ ಮಾಸುವಾಗುವ ಹೊರಪದರಕ್ಕೂ ಎ, ಬಿ, ಸಿ ಎಂಬ ಅಕ್ಷರಗಳು (ಎ ಅತ್ಯುತ್ತಮ) ಸೇರಿ '4ಎಬಿ'ಯಂತಹ ಗ್ರೇಡ್ ಸಿದ್ಧವಾಗುತ್ತದೆ.

ದಿನಕ್ಕೊಮ್ಮೆ ನೋಡಿದಾಗ ತಪ್ಪಿಹೋಗುವುದು ಬಹಳ. ಒಂದು ಕೋಶವು ಎರಡಾಗುವ ಬದಲು ನೇರವಾಗಿ ಮೂರಾಗಿ ಒಡೆದರೆ ಆ ಭ್ರೂಣವು ಗರ್ಭಕೋಶದಲ್ಲಿ ನೆಲೆಗೊಳ್ಳುವ ಸಾಧ್ಯತೆ ಕಡಿಮೆ. ಆದರೆ ಮರುದಿನ ಅದು ಉಳಿದವುಗಳಂತೆಯೇ ಕಾಣಬಹುದು. ಇನ್‌ಕ್ಯುಬೇಟರ್‌ನೊಳಗೇ ಕ್ಯಾಮೆರಾ ಇಟ್ಟು, ಕೆಲವು ನಿಮಿಷಗಳಿಗೊಮ್ಮೆ ಹಲವು ಆಳಗಳಲ್ಲಿ ಚಿತ್ರ ತೆಗೆಯುವ ಟೈಮ್-ಲ್ಯಾಪ್ಸ್ ಪದ್ಧತಿ ಇಂಥದ್ದನ್ನು ಹಿಡಿಯುತ್ತದೆ, ಅದೂ ಭ್ರೂಣವನ್ನು ಹೊರತೆಗೆಯದೆ. ಇಷ್ಟೆಲ್ಲ ಕಂಡರೂ ಹೆಚ್ಚು ಮಕ್ಕಳು ಹುಟ್ಟುತ್ತವೆಯೇ? ಬ್ರಿಟನ್ ಮತ್ತು ಹಾಂಗ್‌ಕಾಂಗ್‌ನಲ್ಲಿ 1,575 ಮಂದಿಯನ್ನು ಒಳಗೊಂಡು ನಡೆದು, 2024ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಸಾಮಾನ್ಯ ಪದ್ಧತಿಗಿಂತ ಜೀವಂತ ಜನನದ ಪ್ರಮಾಣ ಗಮನಾರ್ಹವಾಗಿ ಹೆಚ್ಚಲಿಲ್ಲ.

ನನಗೆ ಇದು ಆಶ್ಚರ್ಯವೆನಿಸುವುದಿಲ್ಲ, ಏಕೆಂದರೆ ವರ್ಣತಂತುಗಳ ಸಂಖ್ಯೆಯಲ್ಲಿನ ದೋಷವನ್ನು ಇಂತಹ ಚಿತ್ರದಿಂದ ಖಚಿತವಾಗಿ ಗುರುತಿಸಲಾಗದು. ನೋಡಲು ನಿರ್ದೋಷವಾದ ಭ್ರೂಣದಲ್ಲಿಯೂ ಅದು ಇರಬಹುದು, 'ಸಿ' ಪಡೆದ ಭ್ರೂಣವು ಆರೋಗ್ಯವಂತ ಮಗುವಾಗಿ ಹುಟ್ಟಿದ್ದೂ ಉಂಟು. ಇರುವ ಭ್ರೂಣಗಳಲ್ಲಿ ಯಾವುದನ್ನು ಮೊದಲು ವರ್ಗಾಯಿಸಬೇಕೆಂಬುದಕ್ಕೆ ಗ್ರೇಡ್ ಒಳ್ಳೆಯ ಆಧಾರ, ಮಗುವಿನ ಭವಿಷ್ಯಕ್ಕಲ್ಲ. ಈ ವ್ಯತ್ಯಾಸವನ್ನು ದಂಪತಿಗಳ ಕೈಗೆ ಚಿತ್ರ ಕೊಡುವಾಗಲೇ ಬಿಡಿಸಿ ಹೇಳಬೇಕು. ವರ್ಷಗಟ್ಟಲೆ ಕಾದವರು ಒಂದು ಅಕ್ಷರವನ್ನು ನೋಡಿ ಎದೆಗುಂದುವಂತಾಗಬಾರದು.

ಕೋಶದೊಳಗೆ ಶಕ್ತಿ ಉತ್ಪಾದನೆಯಲ್ಲಿ ಪಾಲ್ಗೊಳ್ಳುವ ಎನ್‌ಎಡಿಎಚ್, ಎಫ್‌ಎಡಿ ಎಂಬ ಅಣುಗಳು ಬೆಳಕು ಬಿದ್ದಾಗ ತಾವಾಗಿಯೇ ಮಂದವಾಗಿ ಹೊಳೆಯುತ್ತವೆ. ಆ ಹೊಳಪಿನಿಂದ ಭ್ರೂಣದ ಚಯಾಪಚಯವನ್ನು ಅಳೆಯುವ ಸಂಶೋಧನೆ ನಡೆದಿದೆ. ಆಕಾರವನ್ನು ದಾಟಿ ಕೋಶದ ಕೆಲಸವನ್ನೇ ನೋಡುವ ಈ ದಾರಿಯಲ್ಲಿ ನನಗೆ ಹೆಚ್ಚು ಭರವಸೆಯಿದೆ. ಆದರೆ ಅದಕ್ಕೆ ಬೇಕಾಗುವ ಬೆಳಕಿನಿಂದ ಭ್ರೂಣಕ್ಕೆ ಹಾನಿಯಿಲ್ಲವೆಂಬುದು ಮೊದಲು ದೃಢಪಡಬೇಕು.